ವಿಯೆನ್ನಾದಲ್ಲಿ ತಂಗಿಯ ಸೀನು ಎಣಿಸಿದ್ದು

ದೇವನಹಳ್ಳಿ

ಸೂಲಿಬೆಲೆಯಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ರಾಗಿ ಹರವಿ ನಿಂತರೆ ವಿಮಾನಗಳ ಹೊಟ್ಟೆ ಕಾಣುತ್ತದೆ. ಚಕ್ರ ಬಿಚ್ಚಿಕೊಂಡು ದೇವನಹಳ್ಳಿಯ ಕಡೆಗೆ ಇಳಿಯುತ್ತಾ ಹೋಗುತ್ತವೆ. ಇಷ್ಟು ವರ್ಷ ಬರೀ ಹೊಟ್ಟೆ ನೋಡಿದ್ದ ನನಗೆ ಅದರ ಒಳಗೆ ಏನಿರುತ್ತದೆ ಎಂದು ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ, ಹೋದ ಜನವರಿಯಲ್ಲಿ. ಅಂಥದ್ದೇನೂ ಇಲ್ಲ. ಹೊಸಕೋಟೆ ಬಸ್ಸಿಗಿಂತ ಕಾಲಿಡಲು ಜಾಗ ಕಡಿಮೆ, ಕಿಟಕಿ ತೆಗೆಯುವ ಹಾಗಿಲ್ಲ. ಬಸ್ಸಿನಲ್ಲಾದರೆ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳಬಹುದು. ಇಲ್ಲಿ ಪಕ್ಕದವರು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟರು.

ನನ್ನ ಕೆಲಸದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಎರಡು ಹೊತ್ತೂ ಕ್ಯಾನುಗಳ ಮುಂದೆ ನಿಂತು, ಯಾರ ಹಾಲು ಹಾಲು, ಯಾರ ಹಾಲಿಗೆ ಬೋರ್‌ವೆಲ್ ಕೂಡಿದೆ ಎಂದು ಹೇಳುವುದು. ಇಪ್ಪತ್ತೈದು ವರ್ಷದಿಂದ ಇದೇ ಮಾಡಿದ್ದರಿಂದ ಊರಲ್ಲಿ ನನಗೆ ಮರ್ಯಾದೆ ಜಾಸ್ತಿ, ಗೆಳತಿಯರು ಕಮ್ಮಿ.

ಹೊರಟದ್ದು ತಂಗಿ ಸುಧಾಳಿಗಾಗಿ. ಅವಳು ತೋಟಗಾರಿಕೆ ಡಿಪ್ಲೊಮಾ ಮಾಡಿ ದೊಡ್ಡಬಳ್ಳಾಪುರದ ಹತ್ತಿರ ಒಂದು ಗುಲಾಬಿ ಪಾಲಿಹೌಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಗಾಳಿಯ ಯಂತ್ರ ಜೋಡಿಸಲು ಆಸ್ಟ್ರಿಯಾ ದೇಶದಿಂದ ಫ್ರಾನ್ಜ್ ಎಂಬ ಹುಡುಗ ಬಂದ. ಮೂರು ದಿನದ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತು. ಮನೆಯಲ್ಲಿ ಮೊದಲು ಗಲಾಟೆಯಾಯಿತು, ಆಮೇಲೆ ಅವನು ಮುದ್ದೆ ನುಂಗುವುದನ್ನು ಕಲಿತ, ಮದುವೆಯೂ ಆಯಿತು. ಈಗ ಹದಿನೆಂಟು ವರ್ಷದಿಂದ ಸುಧಾ ವಿಯೆನ್ನಾದಲ್ಲಿದ್ದಾಳೆ, ಊರಾಚೆಯ ಒಂದು ನರ್ಸರಿಯಲ್ಲಿ ಮರದ ಸಸಿ ಬೆಳೆಸುತ್ತಾಳೆ.

ಆ ಮರಗಳೇ ಅವಳಿಗೆ ಎದುರು ಬಿದ್ದವು. ಅಲ್ಲಿ ಬರ್ಚ್ ಎಂಬ ಮರವಿದೆ. ವಸಂತದಲ್ಲಿ ಅದರ ಹೂವಿನ ಪುಡಿ ಗಾಳಿಯಲ್ಲಿ ತುಂಬಿಕೊಂಡಾಗ ಸುಧಾಳಿಗೆ ಮೂಗು ಸೋರಿ, ಕಣ್ಣು ಊದಿ, ಸೀನು ನಿಲ್ಲುವುದಿಲ್ಲ. ಹೋದ ವರ್ಷ ಉಸಿರೂ ಕಟ್ಟಿತಂತೆ. ಚರ್ಮದ ಪರೀಕ್ಷೆಯಲ್ಲಿ ಅಲರ್ಜಿ ಹೌದು ಎಂದು ಗೊತ್ತಾಗಿದೆ, ಆದರೆ ಎಷ್ಟು ಎಂದು ತಿಳಿಯಬೇಕಾದರೆ ಪರಾಗದ ಕೋಣೆಯಲ್ಲಿ ಕೂರಬೇಕು. ಹೊರಗೆ ಯಾವ ಹೂವೂ ಇಲ್ಲದ ಚಳಿಗಾಲದಲ್ಲಿ ಜನರನ್ನು ಒಂದು ಗಾಜಿನ ಕೋಣೆಗೆ ಕೂರಿಸಿ, ಅಳೆದು ತೂಗಿ ಬರ್ಚ್ ಪರಾಗ ಊದಿ, ಏನಾಗುತ್ತದೆಂದು ನೋಡುತ್ತಾರೆ. ಮನೆಗೆ ಬಂದ ಮೇಲೂ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು, ಹಾಗಾಗಿ ಜೊತೆಗೊಬ್ಬರು ಇರಲೇಬೇಕು ಎಂಬುದು ಅವರ ನಿಯಮ. ಫ್ರಾನ್ಜ್ ಗಾಜಿನ ಮನೆ ಕಟ್ಟಲು ಸ್ಪೇನಿಗೆ ಹೋಗಿದ್ದ.

"ಅಕ್ಕ, ನೀನೇ ಬಾ" ಎಂದು ಫೋನ್ ಮಾಡಿದಳು.

"ಸೀನೋದಕ್ಕೂ ಜೊತೆಗೆ ಜನ ಬೇಕೇನೇ ನಿಂಗೆ" ಎಂದೆ. ಬೈದೆನಾದರೂ ಮಾರನೆಯ ದಿನವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದೆ.

ವಿಯೆನ್ನಾ

ನಿಲ್ದಾಣದಲ್ಲಿ ಇಳಿದ ತಕ್ಷಣ ನನ್ನ ಪೆಟ್ಟಿಗೆ ತೆರೆಸಿದರು. ಅದರಲ್ಲಿ ಎರಡು ಕೇಜಿ ಸೊಗಡವರೆ ಇತ್ತು. ಜನವರಿಯಲ್ಲಿ ಹೊಸಕೋಟೆ ಕಡೆಯವರು ಅವರೆಕಾಯಿ ಇಲ್ಲದೆ ತಂಗಿಯ ಮನೆಗೆ ಹೋಗುವುದುಂಟೇ? ಹಸಿ ಕಾಯಿ ದೇಶದೊಳಗೆ ತರುವ ಹಾಗಿಲ್ಲ ಎಂದು ಅಲ್ಲಿನ ಅಧಿಕಾರಿ ಕೈಸನ್ನೆಯಲ್ಲಿ ತಿಳಿಸಿದ. ಆದರೆ ಕಸದ ಡಬ್ಬಿಗೆ ಹಾಕುವ ಮೊದಲು ಒಂದು ಕಾಯಿ ಎತ್ತಿ ಮೂಸಿದ, ಇನ್ನೊಂದು ಸಲ ಮೂಸಿದ, ಪಕ್ಕದವಳಿಗೂ ಮೂಸಲು ಕೊಟ್ಟ. ಸೊಗಡಿನ ಬೆಲೆ ತಿಳಿದವನು ಎಂದು ನನಗೆ ಅವನ ಮೇಲಿನ ಕೋಪ ಅರ್ಧ ಇಳಿಯಿತು. ಹುಚ್ಚೆಳ್ಳು ಚಟ್ನಿಪುಡಿಯನ್ನು ಮಾತ್ರ ಮುಟ್ಟಲಿಲ್ಲ.

ಮೊದಲ ಎರಡು ದಿನ ನಾನು ಆ ಊರನ್ನು ಬಾಯಿ ತೆರೆದುಕೊಂಡು ನೋಡಿದೆ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ, ಆದರೂ ಕೆಂಪು ದೀಪ ಇದೆ ಎಂದು ಜನ ಚಳಿಯಲ್ಲಿ ನಡುಗುತ್ತಾ ನಿಂತಿರುತ್ತಾರೆ. ನಾನು ದಾಟಿಬಿಟ್ಟೆ. ಒಬ್ಬ ಮುದುಕಿ ಹಸಿರು ದೀಪ ಬರುವವರೆಗೂ ಕಾದಿದ್ದು, ದಾಟಿ ಬಂದು ನನ್ನ ಮುಖಕ್ಕೆ ಬೆರಳು ತೋರಿಸಿ ಬೈದು ಹೋದಳು. ಭಾಷೆ ಬರದಿದ್ದರೂ ಬೈಗುಳ ಪೂರ್ತಿ ಅರ್ಥವಾಯಿತು. ಟ್ರಾಮಿನಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಸುಧಾಳ ಜೊತೆ ನಮ್ಮ ಸಾಧಾರಣ ಗಂಟಲಲ್ಲಿ ಮಾತಾಡಿದರೆ ಇಡೀ ಬೋಗಿ ತಿರುಗಿ ನೋಡುತ್ತಿತ್ತು.

ದಾರಿ ಬದಿಯಲ್ಲಿ ಮರಗಳಿಗೆ ಬುಡದಿಂದ ತುದಿಯವರೆಗೂ ಸುಣ್ಣ ಬಳಿದಿದ್ದರು. ನಮ್ಮಲ್ಲಿ ಸಾಲುಮರಕ್ಕೆ ಸೊಂಟದವರೆಗೆ ಬಳಿಯುತ್ತಾರೆ, ಇವರು ಏಣಿ ಹಾಕಿ ಕೊಂಬೆಗೂ ಬಳಿದಿದ್ದಾರಲ್ಲ, ಎಂಥ ಕೆಲಸದ ಜನ ಎಂದು ಹೊಗಳಿದೆ. ಸುಧಾ ನಗು ತಡೆಯಲಾರದೆ ಫುಟ್‌ಪಾತಿನಲ್ಲೇ ಕೂತಳು. ಅದೇ ಬರ್ಚ್ ಮರ. ತೊಗಟೆಯೇ ಬಿಳಿ. ಎಲೆ ಉದುರಿ ಬೋಳಾಗಿ, ಏನೂ ಗೊತ್ತಿಲ್ಲದವರ ಹಾಗೆ ನಿಂತಿದ್ದವು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅವಳು ವಿಷಯ ಬಿಡಿಸಿ ಹೇಳಿದಳು. ನರ್ಸರಿಯ ಒಡತಿ ಇಂಗ್ರಿಡ್, ಎಪ್ಪತ್ತರ ಹೆಂಗಸು, ಒಳ್ಳೆಯವಳೇ. ಆದರೆ ಹೋದ ವಸಂತದಲ್ಲಿ ಸುಧಾ ಮರಗಳ ನಡುವೆ ಉಸಿರು ಸಿಗದೆ ಕುಸಿದದ್ದನ್ನು ನೋಡಿ ಹೆದರಿಬಿಟ್ಟಿದ್ದಾಳೆ. ಪರೀಕ್ಷೆಯಲ್ಲಿ ಅಲರ್ಜಿ ತೀವ್ರ ಎಂದು ಬಂದರೆ ಇನ್ನು ಮರದ ಕೆಲಸ ಬೇಡ, ಆಫೀಸಿನಲ್ಲಿ ಕೂತು ಫೋನ್ ಎತ್ತು ಎಂದಿದ್ದಾಳೆ.

"ಫೋನ್ ಎತ್ತೋಕೆ ನಾನ್ಯಾಕಕ್ಕ ಇಷ್ಟು ದೂರ ಇರ್ಬೇಕು? ಮರ ಇಲ್ಲ ಅಂದ್ರೆ ನಂಗಿಲ್ಲಿ ಏನೂ ಇಲ್ಲ. ಫ್ರಾನ್ಜೂ ಒಪ್ಕೊಂಡಿದಾನೆ. ಹಂಗೇನಾದ್ರೂ ಆದ್ರೆ ಊರಿಗೇ ಬಂದ್ಬಿಡ್ತೀವಿ."

ಅವಳು ಅಳುಮೋರೆಯಲ್ಲಿ ಹೇಳಿದಳು. ನನಗೋ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳಿ ಏನು ಪ್ರಯೋಜನ? ಹದಿನೆಂಟು ವರ್ಷದಲ್ಲಿ ನಾನು ನನ್ನ ತಂಗಿಯನ್ನು ಐದು ಸಲ ನೋಡಿದ್ದೇನೆ. ಅವಳು ತಟ್ಟೆ ತೊಳೆಯುತ್ತಿದ್ದಾಗ ನಾನು ಮನಸ್ಸಿನಲ್ಲೇ ನಮ್ಮ ಮನೆಯ ಮೂಡಣ ಕಡೆಯ ಕೋಣೆಗೆ ಬಣ್ಣ ಹೊಡೆಸಿ, ಫ್ರಾನ್ಜನ ಉದ್ದಕ್ಕೆ ಸರಿಯಾದ ಮಂಚಕ್ಕೆ ಬಡಗಿಗೆ ಹೇಳಿಯೂ ಬಿಟ್ಟಿದ್ದೆ.

ಪರಾಗದ ಕೋಣೆ

ಅದು ದೊಡ್ಡ ಮೀನಿನ ತೊಟ್ಟಿಯ ಹಾಗಿದೆ. ಒಂದು ಗೋಡೆ ಪೂರ್ತಿ ಗಾಜು. ಒಳಗೆ ಹತ್ತು ಹನ್ನೆರಡು ಕುರ್ಚಿ, ಎದುರಿಗೊಂದು ಟಿವಿ. ಹೋಗುವವರೆಲ್ಲ ತಲೆಗೆ ಟೋಪಿ, ಮೈಗೆ ಬಿಳಿ ನಿಲುವಂಗಿ, ಕಾಲಿಗೆ ಪ್ಲಾಸ್ಟಿಕ್ ಚೀಲ ತೊಟ್ಟು, ನಡುವೆ ಒಂದು ಪುಟ್ಟ ಕೋಣೆಯಲ್ಲಿ ನಿಂತು ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ತೆರೆದು ಒಳಗೆ ಹೋಗುತ್ತಾರೆ. ಮೇಲಿನಿಂದ ಕಣ್ಣಿಗೆ ಕಾಣದ ಪರಾಗ ಬೀಸುತ್ತದೆ. ಹೊರಗೆ ಮೊಣಕಾಲು ಮಟ್ಟ ಹಿಮ, ಒಳಗೆ ವಸಂತ.

ಕಾಲು ಗಂಟೆಗೊಮ್ಮೆ ಅವರವರೇ ಒಂದು ಹಲಗೆಯ ಮೇಲೆ ಬರೆಯಬೇಕು: ಮೂಗು ಎಷ್ಟು ಸೋರಿತು, ಎಷ್ಟು ತುರಿಸಿತು, ಎಷ್ಟು ಸೀನು ಬಂತು. ನಡುನಡುವೆ ಒಬ್ಬೊಬ್ಬರನ್ನೇ ಎಬ್ಬಿಸಿ, ಮೂಲೆಯ ಯಂತ್ರದ ಹತ್ತಿರ ಕರೆದು ಮೂಗಿನ ಗಾಳಿ ಅಳೆಯುತ್ತಾರೆ. ನನಗೆ ಬಹಳ ಹಿಡಿಸಿದ್ದು ಬೇರೆ. ಪ್ರತಿಯೊಬ್ಬರಿಗೂ ತೂಕ ಮಾಡಿದ ಕಾಗದದ ಕರವಸ್ತ್ರ ಕೊಡುತ್ತಾರೆ, ಮೂಗೊರೆಸಿದ ಮೇಲೆ ಅದನ್ನೇ ಚೀಲಕ್ಕೆ ಹಾಕಿಸಿ ಮತ್ತೆ ತೂಗುತ್ತಾರೆ. ಮನುಷ್ಯ ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ತಕ್ಕಡಿಗೆ ಮಾತು ನಾಟುವುದಿಲ್ಲ ಎಂಬುದನ್ನು ತಿಳಿದ ಜನ.

ನನ್ನನ್ನು ಗಾಜಿನ ಈಚೆ ಕುರ್ಚಿ ಹಾಕಿ ಕೂರಿಸಿದರು. ಒಳಗಿನ ಸದ್ದು ಒಂದು ಸಣ್ಣ ಸ್ಪೀಕರಿನಲ್ಲಿ ಕೇಳುತ್ತಿತ್ತು. ಇದನ್ನೆಲ್ಲ ನೋಡಿಕೊಳ್ಳುವ ಡಾಕ್ಟರ್ ಲೇನಾ ಸಣ್ಣ ವಯಸ್ಸಿನ ಹುಡುಗಿ. ನನ್ನ ಇಂಗ್ಲಿಷು ಡೈರಿ ಇಂಗ್ಲಿಷು, ಫ್ಯಾಟು, ಡಿಗ್ರಿ, ರಿಜೆಕ್ಟು ಇಷ್ಟೇ. ಆದರೂ ಅವಳು ನಗುನಗುತ್ತಾ ನನಗೆ ಕಾಫಿ ತಂದುಕೊಟ್ಟಳು. ಅದು ಕಾಫಿಯಲ್ಲ ಎಂದು ಹೇಳಲು ನನ್ನ ಹತ್ತಿರ ಇಂಗ್ಲಿಷು ಸಾಲದೆ ಬಂತು.

ಅರ್ಧ ಗಂಟೆಯೊಳಗೆ ಸುಧಾ ಸೀನತೊಡಗಿದಳು. ಅವಳ ಪಕ್ಕದಲ್ಲಿ ಕಾರ್ಲ್ ಎಂಬ ಅಜ್ಜ, ಒಂದು ಕಾಲಕ್ಕೆ ಟ್ರಾಮ್ ಓಡಿಸುತ್ತಿದ್ದವನಂತೆ. ಯಾರು ಸೀನಿದರೂ ಆತ "ಗೆಜುಂಡ್‌ಹೈಟ್" ಎನ್ನುತ್ತಿದ್ದ. ಆರೋಗ್ಯವಾಗಿರು ಎಂದು ಅರ್ಥ. ನಮ್ಮಲ್ಲಿ ಮಕ್ಕಳು ಸೀನಿದರೆ ಚಿರಂಜೀವಿ ಎನ್ನುತ್ತೇವಲ್ಲ, ಇದೂ ಹಾಗೆಯೇ. ಹನ್ನೆರಡು ಜನ ಸೀನುವ ಕೋಣೆಯಲ್ಲಿ ಆ ಅಜ್ಜನಿಗೆ ಬಿಡುವೇ ಇರಲಿಲ್ಲ.

ಸುಮ್ಮನೆ ಕೂತು ನೋಡುವವಳಲ್ಲ ನಾನು, ಎಣಿಸತೊಡಗಿದೆ. ಒಂದು ಗಂಟೆಯಾದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಸುಧಾ ಸೀನಿದರೆ ಎರಡೇ. ಒಂದು ಬಂದ ಬೆನ್ನಿಗೇ ಇನ್ನೊಂದು. ಮೊದಲನೆಯದಕ್ಕೆ ಅವಳ ಕಣ್ಣು ಮುಚ್ಚುತ್ತಿತ್ತು, ಭುಜ ಕುಣಿಯುತ್ತಿತ್ತು. ಎರಡನೆಯದಕ್ಕೆ ಕಣ್ಣು ತೆರೆದೇ ಇತ್ತು. ತೆರೆದ ಕಣ್ಣಲ್ಲಿ ಸೀನುವುದು ನಿಮಗೆ ಬರುತ್ತದೆಯೇ ನೋಡಿ.

ಆ ಕಳ್ಳಸೀನು ನನಗೆ ಗುರುತು ಸಿಕ್ಕಿತು. ಅದನ್ನು ಅವಳಿಗೆ ಕಲಿಸಿದವಳೇ ನಾನು. ನಮ್ಮ ಮನೆಯಲ್ಲಿ ಯಾರಾದರೂ ಹೊರಡುವಾಗ ಒಂಟಿ ಸೀನು ಕೇಳಿದರೆ ಹೊರಟವರು ಕೂತು, ನೀರು ಕುಡಿದು, ಆಮೇಲೆ ಹೋಗಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಸುಧಾ ಚಿಕ್ಕಂದಿನಿಂದಲೂ ಸೀನುಬುರುಕಿ. ಅಪ್ಪ ಸಂತೆಗೆ ಹೊರಟಾಗಲೆಲ್ಲ ಇವಳು ಒಂದು ಸೀನುವುದು, ಅಪ್ಪ ಮತ್ತೆ ಕೂರುವುದು, ಬಸ್ಸು ತಪ್ಪುವುದು, ಅಜ್ಜಿ ಬೈಯುವುದು. "ಒಂದು ಬಂದ್ರೆ ಇನ್ನೊಂದು ನೀನೇ ಸೇರಿಸ್ಬಿಡೇ, ಯಾರ್ಗೂ ಗೊತ್ತಾಗಲ್ಲ" ಎಂದು ಅವಳ ಆರನೆಯ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದೆ. ಇಲ್ಲೂ ಯಾರೋ ಒಬ್ಬರು ಯಂತ್ರದ ಕಡೆ ಏಳುತ್ತಲೇ ಇದ್ದರು, ಅವರ ಹೆಜ್ಜೆಗೆ ಅಡ್ಡ ಬರದಿರಲೆಂದು ಇವಳು ಜೋಡಿ ಮಾಡುತ್ತಲೇ ಇದ್ದಳು. ಹಲಗೆಯ ಮೇಲೆ ಎರಡನ್ನೂ ಬರೆಯುತ್ತಿದ್ದಳು. ಅವಳಿಗೇ ಅದು ತಿಳಿದಿರಲಿಲ್ಲ.

ಅಂದರೆ ಸೀನಿನ ಲೆಕ್ಕ ಇಮ್ಮಡಿಯಾಗುತ್ತದೆ. ಇಮ್ಮಡಿಯಾದರೆ ತೀವ್ರ ಎಂದು ಬರುತ್ತದೆ. ತೀವ್ರ ಎಂದು ಬಂದರೆ ನನ್ನ ತಂಗಿ ಸೂಲಿಬೆಲೆಗೆ ಬರುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಕಾಫಿಯಲ್ಲದ ಕಾಫಿಯನ್ನು ಪೂರ್ತಿ ಕುಡಿದೆ.

ಮಾರನೆಯ ದಿನ

ಲೇನಾ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಏನೋ ಒಂದು ಕೂಡಿಬರುತ್ತಿಲ್ಲ ಎಂದಳು. ಸೀನು ಲೆಕ್ಕ ನೋಡಿದರೆ ಬಹಳ ಇದೆ, ಕರವಸ್ತ್ರದ ತೂಕ ನೋಡಿದರೆ ಅಷ್ಟಿಲ್ಲ, ಮೂಗಿನ ಗಾಳಿಯೂ ಪರವಾಗಿಲ್ಲ. ಆದರೆ ಕೋಣೆಯ ಕ್ಯಾಮೆರಾದಲ್ಲೂ ಅಷ್ಟೇ ಸೀನು ಕಾಣುತ್ತಿರುವುದರಿಂದ, ಮೇಲಾಗಿ ಇದು ಉಸಿರಿನ ವಿಷಯವಾದ್ದರಿಂದ, ತೀವ್ರ ಎಂದೇ ಬರೆಯುವುದು ಕ್ಷೇಮ ಎಂದಳು. ಸುಧಾ ಇದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳಿ, ಲೇನಾಳ ಕಡೆ ತಿರುಗಿ ಆಗಲಿ ಎಂದು ತಲೆಯಾಡಿಸಿದಳು.

ಹಾಲು ಜಾಸ್ತಿ, ಫ್ಯಾಟು ಕಮ್ಮಿ. ಇಂಥ ಲೆಕ್ಕ ನಮ್ಮ ಡೈರಿಯಲ್ಲಿ ಎಷ್ಟು ನೋಡಿಲ್ಲ ನಾನು. ಹೆಂಗಸರು ಕಣ್ಣೀರು ಹಾಕಿದ್ದಾರೆ, ಗಂಡಸರು ಕೂಗಾಡಿದ್ದಾರೆ, ನಾನು ಒಬ್ಬರ ಕ್ಯಾನನ್ನೂ ಸುಮ್ಮನೆ ಬಿಟ್ಟವಳಲ್ಲ. ಇವತ್ತು ಮಾತ್ರ ನನ್ನ ನಾಲಿಗೆ ಏಳಲಿಲ್ಲ. ಇದರಲ್ಲಿ ನನ್ನ ತಪ್ಪೇನು, ಅವರ ಪರೀಕ್ಷೆ, ಅವರ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಸುಧಾಳ ಕೈ ನೋಡಿದೆ. ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಒಂದರ ಉಗುರಿನಿಂದ ಇನ್ನೊಂದರ ಉಗುರಿನ ಮಣ್ಣು ಕೀಳುತ್ತಿದ್ದಳು. ಆಫೀಸಿನಲ್ಲಿ ಕೂರುವವಳಿಗೆ ಮಣ್ಣಿನ ಉಗುರು ಸರಿಯಲ್ಲ ಎಂದು ಈಗಿನಿಂದಲೇ ಸಿದ್ಧವಾಗುತ್ತಿದ್ದ ಹಾಗಿತ್ತು.

"ಸುಧಾ, ಹೇಳೇ ಅವಳಿಗೆ. ಅದ್ರಲ್ಲಿ ಅರ್ಧ ಸೀನು ಸುಳ್ಳು."

"ಏನಕ್ಕ ಹಂಗಂದ್ರೆ?"

"ಒಂಟಿ ಸೀನಾಗ್ಬಾರ್ದು ಅಂತ ಇನ್ನೊಂದು ಸೇರಿಸ್ತಿದೀಯ. ಅಪ್ಪ ಹೊರಟಾಗ ಸೇರಿಸ್ತಿದ್ಯಲ್ಲ, ಹಂಗೇ. ಗಾಜಿನ ಈಚೆ ಕೂತು ನೋಡ್ದೆ ನಾನು."

"ಇಲ್ಲಪ್ಪ. ನಾನೆಲ್ಲಿ ಹಂಗೆ ಮಾಡ್ತೀನಿ?"

"ಕಾಗದ ನೋಡು. ಒಂದೇ ಒಂದು ಕಡೆ ಮೂರು, ಐದು ಅಂತ ಇದ್ಯಾ ತೋರ್ಸು."

ಸುಧಾ ಕಾಗದ ಎಳೆದುಕೊಂಡು ಬೆರಳಿಟ್ಟು ನೋಡಿದಳು. ಎರಡು, ನಾಲ್ಕು, ನಾಲ್ಕು, ಎಂಟು, ಆರು. ಅವಳ ಕಿವಿ ಕೆಂಪಾಯಿತು. ಆಮೇಲೆ ತನ್ನ ಮೇಲಿನ ದೂರನ್ನು ತಾನೇ ಜರ್ಮನ್ ಭಾಷೆಗೆ ತಿರುಗಿಸಿ ಹೇಳಬೇಕಾಗಿ ಬಂತು. ಲೇನಾಳಿಗೆ ಮೊದಲು ಅರ್ಥವಾಗಲಿಲ್ಲ. ಅಪ್ಪ, ಸಂತೆ, ಬಸ್ಸು, ಅಜ್ಜಿ ಎಲ್ಲ ಬಂದ ಮೇಲೆ ಅರ್ಥವಾಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಕಂಪ್ಯೂಟರಿನಲ್ಲಿ ಸುಧಾಳ ಮುಖ ದೊಡ್ಡದು ಮಾಡಿ ನೋಡಿದೆವು. ಒಂದಕ್ಕೆ ಮುಚ್ಚಿದ ಕಣ್ಣು, ಇನ್ನೊಂದಕ್ಕೆ ತೆರೆದ ಕಣ್ಣು. ಈ ಪರೀಕ್ಷೆ ನಡೆಯದು, ಎರಡು ವಾರ ಬಿಟ್ಟು ಇನ್ನೊಂದು ಸಲ ಕೂರಬೇಕು ಎಂದಳು. ನನ್ನ ಕಡೆ ತಿರುಗಿ, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು.

"ಮಿಲ್ಕ್ ಟೆಸ್ಟಿಂಗ್" ಎಂದೆ, ನೆಟ್ಟಗೆ ಕೂತು.

ಎರಡನೆಯ ಸಲ

ಎರಡು ವಾರ ಸುಧಾ ಮನೆಯಲ್ಲಿ ಒಂಟಿ ಸೀನಿನ ಅಭ್ಯಾಸ ಮಾಡಿದಳು. ಮೂಗಿಗೆ ಮೆಣಸಿನಪುಡಿ ತೋರಿಸುವುದು ನನ್ನ ಕೆಲಸ. ಬಂದ ಸೀನನ್ನು ಒಂದಕ್ಕೇ ಬಿಟ್ಟು ಸುಮ್ಮನಿರುವುದು ಹೊರಗಿನವರಿಗೆ ಸುಲಭ ಅನ್ನಿಸಬಹುದು. ಇವಳು ಬಾಯಿಗೆ ಕೈ ಅಡ್ಡ ಹಿಡಿದು, ಕಾಲು ಬೆರಳು ಮಡಚಿಕೊಂಡು ತಡೆಯಬೇಕಾಗುತ್ತಿತ್ತು. ಹತ್ತರಲ್ಲಿ ನಾಲ್ಕು ಸಲ ಸೋಲುತ್ತಿದ್ದಳು. ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ನಕ್ಕೆವು. ಮೇಲಿನ ಮನೆಯವರು ಎರಡು ಸಲ ನೆಲ ಕುಟ್ಟಿದರು.

ಪರೀಕ್ಷೆಯ ದಿನ ಅವಳು ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ಅಜ್ಜ ಕಾರ್ಲನೂ ಬಂದಿದ್ದ. ಮೊದಲ ಸೀನು ಬಂತು. ಅದೇ ಹೊತ್ತಿಗೆ ಒಬ್ಬ ಹೆಂಗಸು ಯಂತ್ರದ ಕಡೆ ಎದ್ದಳು. ಸುಧಾ ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಗಾಜಿನಾಚೆಯಿಂದ ನನ್ನನ್ನು ನೋಡಿದಳು. ಅಪ್ಪನ ಬಸ್ಸು ತಪ್ಪಿಸಿದ ಆರು ವರ್ಷದ ಹುಡುಗಿಯ ಮುಖವೇ ಅದು. ಇನ್ನರೆಕ್ಷಣ ಬಿಟ್ಟರೆ ಜೋಡಿ ಮಾಡಿಬಿಡುತ್ತಿದ್ದಳು.

ನಾನು ಎದ್ದು ನಿಂತು, ಗಾಜಿನ ಈಚೆಯಿಂದ, ಇಡೀ ಕಟ್ಟಡಕ್ಕೆ ಕೇಳುವಂತೆ ಸೀನಿದೆ.

ಸುಧಾಳ ಕೈ ಸಡಿಲವಾಯಿತು. ಜೋಡಿಯಾಯಿತಲ್ಲ, ಇನ್ನು ಆ ಹೆಂಗಸು ನೆಮ್ಮದಿಯಾಗಿ ಹೋಗಬಹುದು. ಅಲ್ಲಿಂದ ಸಂಜೆಯವರೆಗೆ ಅದೇ ನಮ್ಮ ಕೆಲಸ. ಅವಳು ಒಳಗೆ ಒಂದು, ನಾನು ಹೊರಗೆ ಒಂದು. ಲೇನಾ ಗಾಬರಿಯಾಗಿ ಓಡಿ ಬಂದು ನಿಮಗೂ ಬರ್ಚ್ ಅಲರ್ಜಿಯೇ ಎಂದು ಕೇಳಿದಳು. ಸುಮ್ಮನಿರಮ್ಮ ಎಂದು ಕೈ ಮಾಡಿದೆ. ಕಾರ್ಲ್ ಅಜ್ಜ ಸುಧಾಳಿಗೆ ಒಂದು ಗೆಜುಂಡ್‌ಹೈಟ್ ಹೇಳಿ, ಗಾಜಿನ ಕಡೆ ತಿರುಗಿ ನನಗೂ ಒಂದು ಹೇಳುತ್ತಿದ್ದ. ಸಂಜೆಯ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿತ್ತು.

ಫಲಿತಾಂಶ ಮೂರು ದಿನಕ್ಕೆ ಬಂತು. ಅಲರ್ಜಿ ಇದೆ, ಮಧ್ಯಮ. ಹೂ ಬಿಡುವ ಮೊದಲೇ ಔಷಧಿ ಶುರು ಮಾಡಬೇಕು, ಮುಖಕ್ಕೆ ಮಾಸ್ಕು ಹಾಕಬೇಕು, ಬರ್ಚ್ ಅರಳುವ ಕೆಲವು ವಾರ ಆ ಸಾಲಿಗೆ ಹೋಗಬಾರದು. ಉಳಿದಂತೆ ಮರದ ಕೆಲಸ ಮಾಡಬಹುದು. ಸುಧಾ ಕಾಗದವನ್ನು ಎರಡು ಸಲ ಓದಿ ನನ್ನನ್ನು ತಬ್ಬಿಕೊಂಡು ಸುತ್ತು ತಿರುಗಿಸಿದಳು. ನನ್ನ ಚಪ್ಪಲಿ ಒಂದು ಎಲ್ಲೋ ಹೋಯಿತು.

ನರ್ಸರಿ

ಇಂಗ್ರಿಡ್ ಕಾಗದ ಓದಿ ಮಡಚಿ ಜೇಬಿಗಿಟ್ಟು, ಒಳಗೆ ಹೋಗಿ ಗಿಡ ಸವರುವ ಕತ್ತರಿ ತಂದು ಸುಧಾಳ ಕೈಗೆ ಕೊಟ್ಟಳು. ಸೇಬಿನ ಸಸಿಗಳನ್ನು ಸವರುವ ಕಾಲ ಅದು. ಸುಧಾ ಹಿಮದಲ್ಲಿ ಸಾಲಿನಿಂದ ಸಾಲಿಗೆ ಓಡಾಡಿದಳು, ಪ್ರತಿ ಗಿಡಕ್ಕೂ ನಿಂತು ಅದರ ಹೆಸರು, ಊರು, ಗುಣ ಎಲ್ಲ ಹೇಳಿದಳು. ನನಗೆ ಎಲ್ಲವೂ ಒಂದೇ ಕಡ್ಡಿಯಂತೆ ಕಂಡವು. ಅವಳ ಮುಖ ನೋಡುತ್ತಾ ಹೂಂಗುಟ್ಟಿದೆ.

"ನಿಂಗೆ ಗೊತ್ತಿತ್ತಲ್ವಾ ಅಕ್ಕ" ಎಂದಳು, ಕತ್ತರಿ ಆಡಿಸುತ್ತಲೇ. "ಸುಮ್ನಿದ್ದಿದ್ರೆ ನಾನು ಊರಿಗೆ ಬಂದಿರ್ತಿದ್ದೆ ಅಂತ."

"ಗೊತ್ತಿತ್ತು."

"ಮತ್ತೆ?"

"ಮತ್ತೆ ಏನು. ಮೂಡಣ ಕಡೆ ಕೋಣೆಗೆ ಬಣ್ಣ ಹೊಡ್ಸೋ ಖರ್ಚು ಉಳೀತು."

ಅವಳು ನಗಲಿಲ್ಲ. ಕತ್ತರಿ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಕೈಗವಸು ತೆಗೆದು, ನನ್ನ ತಣ್ಣಗಾದ ಕೈಯನ್ನು ತನ್ನ ಕೋಟಿನ ಜೇಬಿನೊಳಗೆ ಎಳೆದುಕೊಂಡಳು. ಸಾಲು ಮುಗಿಯುವವರೆಗೂ ಬಿಡಲಿಲ್ಲ.

ಮತ್ತೆ ವಿಮಾನ ನಿಲ್ದಾಣ

ಹೊರಡುವ ದಿನ ಸುಧಾ ನನ್ನನ್ನು ಬಿಡಲು ಬಂದಳು. ತಪಾಸಣೆಯ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತು ಏನೇನೋ ಮಾತಾಡಿದೆವು: ಅಮ್ಮನ ಮಂಡಿನೋವು, ಫ್ರಾನ್ಜನಿಗೆ ಕೊಡಬೇಕಾದ ಚಟ್ನಿಪುಡಿ, ಬೇಸಿಗೆಯಲ್ಲಿ ಇಬ್ಬರೂ ಬರುವ ವಿಷಯ. ಹಿಂದಿನ ಸಲವೂ ಬೇಸಿಗೆಯಲ್ಲಿ ಬರುತ್ತೇವೆ ಎಂದಿದ್ದಳು, ನಾನು ಅದನ್ನು ಎತ್ತಲಿಲ್ಲ. ಬೋರ್ಡಿನಲ್ಲಿ ನನ್ನ ವಿಮಾನದ ಹೆಸರು ಬಂತು. ಹೊತ್ತು ಇನ್ನೂ ಇತ್ತು, ಆದರೆ ತಡ ಮಾಡಿದಷ್ಟೂ ಕಷ್ಟ.

"ಸರಿ ಕಣೇ, ಹೊರಡ್ತೀನಿ" ಎಂದು ಎದ್ದು ಚೀಲವನ್ನು ಹೆಗಲಿಗೇರಿಸಿದೆ. ನಾಲ್ಕು ಹೆಜ್ಜೆ ಇಟ್ಟಿದ್ದೆ.

ಹಿಂದೆ ಸುಧಾ ಸೀನಿದಳು.

ನಿಂತೆ. ಇನ್ನೊಂದು ಬರಲೆಂದು ಕಾದೆ. ಬರಲಿಲ್ಲ. ತಿರುಗಿ ನೋಡಿದೆ. ಅವಳ ಎರಡು ಕಣ್ಣೂ ಪೂರ್ತಿ ತೆರೆದಿದ್ದವು, ತುಂಬಿದ್ದವು.

"ಒಂಟಿ ಸೀನಾಯ್ತಲ್ಲಕ್ಕ" ಎಂದಳು. "ಸ್ವಲ್ಪ ಕೂತು ಹೋಗು."

ನಾನು ಹಿಂದಕ್ಕೆ ಬಂದು, ಚೀಲ ಕೆಳಗಿಟ್ಟು, ಅವಳ ಪಕ್ಕದಲ್ಲಿ ಕೂತೆ.